ಕನಸಿನಲ್ಲಿ ಬಂದ ಬಾವುಟ

(ನಮ್ಮ ‘ದೊಡ್ಡಮನೆ’ ಗುಂಪಿನಲ್ಲಿ ಭಾನುವಾರ ನಡೆದ ಮಾತು. ಶುಭೋದಯದ ಹೂವುಗಳನ್ನು ತೆಗೆದುಹಾಕಿದ್ದೇನೆ.)

ನ್ಯೂಜೆರ್ಸಿ ಅಣ್ಣ: (ಫೋಟೋ) ಇವತ್ತು, ಅಂದರೆ ನಮ್ಮ ಶನಿವಾರ, ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂಗೆ ಹೋಗಿದ್ದೆವು. ಇದು ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ ಬಿಡಿಸಿದ ‘ಫ್ಲ್ಯಾಗ್’, ಅಂದರೆ ಬಾವುಟ. 1954ರಲ್ಲಿ ಒಂದು ರಾತ್ರಿ ದೊಡ್ಡ ಅಮೆರಿಕನ್ ಬಾವುಟ ಬಿಡಿಸಿದಂತೆ ಆತನಿಗೆ ಕನಸು ಬಿತ್ತಂತೆ. ಬೆಳಿಗ್ಗೆ ಎದ್ದವನೇ ಸಾಮಾನು ತಂದು ಶುರು ಮಾಡಿದನಂತೆ.

ಹುಬ್ಬಳ್ಳಿ ಕಾಕಾ: ಇದಕ್ಕೆ ಕನಸು ಯಾಕೆ ಬೇಕು? ಕಿಟಕಿ ತೆಗೆದರೆ ಎದುರಿಗೇ ಹಾರಾಡುತ್ತಿರುತ್ತದೆ.

ಭಾವ: 😂😂

ಮೈಸೂರು ಅತ್ತೆ: ಬೆಳಗಿನ ಜಾವದ ಕನಸೇ ಇರಬೇಕು. ನಿಜವಾಯಿತು ನೋಡಿ.

ಹುಬ್ಬಳ್ಳಿ ಕಾಕಾ: ಅಕ್ಕಾ, ನಿನಗೂ ಬೆಳಗಿನ ಜಾವವೇ ಲಾಟರಿ ಕನಸು ಬಿದ್ದಿತ್ತಲ್ಲ. ಏನಾಯಿತು?

ಮೈಸೂರು ಅತ್ತೆ: ನಾನು ಟಿಕೆಟ್ ಕೊಂಡಿರಲಿಲ್ಲ. ಅವನು ಎದ್ದು ಬಣ್ಣ ಕೊಂಡ.

ಹುಬ್ಬಳ್ಳಿ ಕಾಕಾ: ಫೋಟೋ ದೊಡ್ಡದು ಮಾಡಿ ಎಣಿಸಿದೆ. ಸಾಲಿಗೆ 8ರಂತೆ 6 ಸಾಲು, 48 ನಕ್ಷತ್ರ. ಅಮೆರಿಕದ್ದು 50 ಹೌದಲ್ಲೋ? ಇನ್ನೆರಡು ರಾಜ್ಯ ನಿದ್ದೆಗಣ್ಣಿನಲ್ಲಿ ಹಾರಿಹೋದವೋ?

ನಾನು: ಆಗ ಇದ್ದದ್ದೇ 48 ಕಾಕಾ. ಅಲಾಸ್ಕಾ, ಹವಾಯಿ ಸೇರಿದ್ದು 1959ರಲ್ಲಿ.

ಹುಬ್ಬಳ್ಳಿ ಕಾಕಾ: ಸರಿ, ಬಿಡು. ನಮ್ಮ ಬೆಂಗೇರಿಯಲ್ಲಿ ಖಾದಿ ಬಾವುಟ ಮಾಡುವುದನ್ನು ನೀನೂ ನೋಡಿದ್ದೀಯ. ಅಳತೆ, ಬಣ್ಣ, ಚಕ್ರದ 24 ಗೆರೆ, ಯಾವುದು ತಪ್ಪಿದರೂ ನಡೆಯುವುದಿಲ್ಲ. ಅಲ್ಲಿ ಹೊಲಿಯುವ ಹೆಣ್ಣುಮಕ್ಕಳನ್ನು ಯಾರಾದರೂ ಕಲಾವಿದರು ಅನ್ನುತ್ತಾರೇನು? ಇವನು ಒಂದು ಬಾವುಟ ಬಿಡಿಸಿ ಕನಸಿನ ಕಥೆ ಅಂಟಿಸಿದ. ಸೀದಾ ಮ್ಯೂಸಿಯಂ ಸೇರಿದ.

ನಾನು: ಫೋಟೋ ಇನ್ನೂ ಸ್ವಲ್ಪ ದೊಡ್ಡದು ಮಾಡಿ. ಪಟ್ಟಿಗಳ ಅಡಿಯಲ್ಲಿ ಅಕ್ಷರ ಕಾಣುತ್ತಾ? ಅದು ನ್ಯೂಸ್‌ಪೇಪರ್. ಮೊದಲು ಕುರ್ಚಿ, ಮೇಜಿಗೆ ಬಳಿಯುವ ಎನಾಮೆಲ್ ಪೇಂಟಿನಲ್ಲೇ ಶುರು ಮಾಡಿದ್ದ. ಅದು ಬೇಗ ಒಣಗಲಿಲ್ಲ. ಆಗ ಬಿಸಿ ಮೇಣಕ್ಕೆ ಬಣ್ಣ ಕಲಸುವ ಹಳೇ ವಿಧಾನ ನೆನಪಾಯಿತು. ಪೇಪರ್ ಚೂರುಗಳನ್ನು ಅಂಟಿಸಿ ಮೇಣದ ಬಣ್ಣ ಹಚ್ಚುತ್ತಾ ಹೋದ. ಮೇಣ ತಣ್ಣಗಾದ ತಕ್ಷಣ ಗಟ್ಟಿಯಾಗುತ್ತದೆ, ಅದಕ್ಕೇ ಬ್ರಷ್ಷಿನ ಒಂದೊಂದು ಎಳೆತವೂ ಉಬ್ಬಿಕೊಂಡು ಹಾಗೇ ನಿಂತಿದೆ. ಕನಸು ಕೊಟ್ಟದ್ದು ಬಾವುಟ ಅಷ್ಟೇ. ಮೇಣ ಸಿಕ್ಕಿದ್ದು ಪೇಂಟ್ ಒಣಗದೇ ಇದ್ದದ್ದಕ್ಕೆ.

ಭಾವ: ಬರೀ ಮೇಣದ ಕಥೆ ಹೇಳಿದ್ದರೆ ಮಾರಾಟ ಆಗುತ್ತಿತ್ತಾ?

ನ್ಯೂಜೆರ್ಸಿ ಅಣ್ಣ: ಮಾರಾಟ ಆದದ್ದು ಐಸ್‌ನಿಂದ ಭಾವ 😀 1957ರಲ್ಲಿ ಲಿಯೋ ಕ್ಯಾಸ್ಟೆಲಿ ಅನ್ನುವ ಗ್ಯಾಲರಿ ಮಾಲೀಕ ರೌಶನ್‌ಬರ್ಗ್ ಎಂಬ ಕಲಾವಿದನ ಚಿತ್ರ ನೋಡಲು ಹೋಗಿದ್ದ. ಕುಡಿಯುವುದಕ್ಕೆ ಐಸ್ ಬೇಕಾಯಿತು. ಫ್ರಿಜ್ ಇದ್ದದ್ದು ಕೆಳಗಿನ ಮಹಡಿಯ ಜಾನ್ಸ್ ಹತ್ತಿರ. ಹಾಗೆ ಕೆಳಗೆ ಹೋದ ಕ್ಯಾಸ್ಟೆಲಿ ಚಿತ್ರಗಳನ್ನು ನೋಡಿ ಅಲ್ಲೇ ಪ್ರದರ್ಶನಕ್ಕೆ ಕರೆದ. 1958ರ ಜನವರಿಯಲ್ಲಿ ಪ್ರದರ್ಶನ. ಬಾವುಟ, ಗುರಿಹಲಗೆ, ಅಂಕಿ, ಇವೇ ಚಿತ್ರಗಳು. ಹೆಚ್ಚಿನವು ಖರ್ಚಾದವು. ಈ ಮ್ಯೂಸಿಯಂ ಕೂಡ ಕೆಲವನ್ನು ಕೊಂಡಿತು. ಈ ಬಾವುಟವನ್ನು ಮಾತ್ರ ಬಿಟ್ಟಿತು.

ಹುಬ್ಬಳ್ಳಿ ಕಾಕಾ: ನೋಡಿದಿರಾ! ಅವರಿಗೂ ಅನುಮಾನ.

ನ್ಯೂಜೆರ್ಸಿ ಅಣ್ಣ: ಅನುಮಾನ ಅಲ್ಲ ಕಾಕಾ, ಭಯ. ದೇಶಕ್ಕೆ ಅವಮಾನ ಅಂತ ಯಾರಾದರೂ ಗಲಾಟೆ ಎಬ್ಬಿಸಿದರೆ? ಮ್ಯೂಸಿಯಂನ ಆಲ್‌ಫ್ರೆಡ್ ಬಾರ್, ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಕೈಯಲ್ಲಿ ಕೊಳ್ಳಿಸಿದರು. 1973ರಲ್ಲಿ ಜಾನ್ಸನ್ ಅದನ್ನು ಮ್ಯೂಸಿಯಂಗೇ ಕೊಟ್ಟರು.

ಹುಬ್ಬಳ್ಳಿ ಕಾಕಾ: ಭಯಪಟ್ಟದ್ದರಲ್ಲಿ ತಪ್ಪೇನು? ಪೇಪರ್ ಚೂರಿನ ಮೇಲೆ ಮೇಣ ಹಚ್ಚಿ ಬಾವುಟ ಮಾಡಿದರೆ ಅದು ಗೌರವವೋ, ಅಗೌರವವೋ? ಅದನ್ನು ಹೇಳು.

ನಾನು: ಎರಡೂ ಅಲ್ಲ ಅನ್ನಿಸುತ್ತದೆ. ಆಗ ನ್ಯೂಯಾರ್ಕಿನಲ್ಲಿ ಪೊಲಾಕ್, ಡಿ ಕೂನಿಂಗ್ ಎಂಬ ಚಿತ್ರಕಾರರ ಕಾಲ. ಒಳಗಿನ ತಳಮಳವನ್ನೆಲ್ಲ ಕ್ಯಾನ್ವಾಸಿಗೆ ಸುರಿಯುವುದೇ ದೊಡ್ಡ ಕಲೆ. ಜಾನ್ಸ್ ಅದುವರೆಗಿನ ತನ್ನ ಚಿತ್ರಗಳಲ್ಲಿ ಕೈಗೆ ಸಿಕ್ಕವನ್ನೆಲ್ಲ ಹಾಳು ಮಾಡಿದ್ದ. ಆಮೇಲೆ ಈ ಕನಸು. ಕನಸಿಗಿಂತ ಖಾಸಗಿ ಯಾವುದಿದೆ ಹೇಳಿ? ಅದರಲ್ಲಿ ಬಂದದ್ದು ಮಾತ್ರ ಸ್ಕೂಲು, ಪೋಸ್ಟ್ ಆಫೀಸಿನ ಮೇಲೆಲ್ಲ ಹಾರುವ ಎಲ್ಲರ ವಸ್ತು! ವಿನ್ಯಾಸ ಮಾಡುವ ಗೋಜೇ ಇರಲಿಲ್ಲ ಎಂದು ಆತನೇ ಹೇಳಿದ್ದಾನೆ. ಆಕಾರದ ಚಿಂತೆ ಇಲ್ಲದ್ದಕ್ಕೇ ಕೈ ಪೂರ್ತಿ ಮೇಣದ ಕಡೆ ಹೋಯಿತು. ಎಲ್ಲರೂ ತಮ್ಮದೆಂದು ಹಂಚಿಕೊಳ್ಳುವ ಚಿತ್ರ ಅಂದರೆ ನನಗೆ ಇದೇ.

ನ್ಯೂಜೆರ್ಸಿ ಅಣ್ಣ: ಇನ್ನೊಂದು ಹೇಳಬೇಕು. 1776ರಲ್ಲಿ ದಕ್ಷಿಣ ಕೆರೊಲಿನಾದ ಕೋಟೆಯೊಂದರಲ್ಲಿ ಬ್ರಿಟಿಷರ ಗುಂಡಿಗೆ ಬಾವುಟ ಬಿದ್ದಿತ್ತು. ಗುಂಡಿನ ಮಳೆಯಲ್ಲೇ ಅದನ್ನು ಎತ್ತಿ ನಿಲ್ಲಿಸಿದವನು ಸಾರ್ಜೆಂಟ್ ವಿಲಿಯಂ ಜಾಸ್ಪರ್. ಸವಾನಾ ಊರಿನಲ್ಲಿ ಅವನ ಪ್ರತಿಮೆ ಇದೆ. ‘ನಮಗಿಬ್ಬರಿಗೂ ಇವನ ಹೆಸರೇ ಇಟ್ಟದ್ದು’ ಎಂದು ಕಲಾವಿದ ಜಾನ್ಸ್‌ಗೆ ಅವನ ಅಪ್ಪ ಹೇಳಿದ್ದರಂತೆ. ಅಪ್ಪನ ಹೆಸರೂ ಜಾಸ್ಪರ್.

ಮೈಸೂರು ಅತ್ತೆ: ಅಯ್ಯೋ, ಹೆಸರಲ್ಲೇ ಬಾವುಟ ಇತ್ತು!

ಹುಬ್ಬಳ್ಳಿ ಕಾಕಾ: ಇದನ್ನು ಮೊದಲೇ ಹೇಳಬಾರದಿತ್ತೇನೋ? ಅಪ್ಪ ಹೇಳಿದ ಕಥೆ ಮಗನ ಕನಸಿನಲ್ಲಿ ಬಂದಿದೆ, ಅಷ್ಟೇ.

ಭಾವ: ಕಾಕಾ ಒಪ್ಪಿಬಿಟ್ಟರು 👏

ಹುಬ್ಬಳ್ಳಿ ಕಾಕಾ: ಕನಸು ಒಪ್ಪಿದೆ. ಮ್ಯೂಸಿಯಂ ಒಪ್ಪಿಲ್ಲ. ಬೆಂಗೇರಿಯ ಒಂದು ಬಾವುಟವನ್ನೂ ಗೋಡೆಗೆ ಹಾಕಲಿ, ಹೊಲಿದವಳ ಹೆಸರು ಕೆಳಗೆ ಬರೆಯಲಿ. ಆಮೇಲೆ ನೋಡೋಣ.

ಮೈಸೂರು ಅತ್ತೆ: ಅದಿರಲಿ, ಅದು ಯಾವ ಮೇಣ? ಮೇಣದಬತ್ತಿ ಕರಗಿಸಿದರೆ ಆಗುತ್ತಾ? ಮೊಮ್ಮಗಳಿಗೆ ಸ್ಕೂಲಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ.

ನಾನು: ಜೇನುಮೇಣ ತನ್ನಿ ಅತ್ತೆ. ಕರಗಿಸುವಾಗ ಅವಳೊಬ್ಬಳನ್ನೇ ಒಲೆ ಹತ್ತಿರ ಬಿಡಬೇಡಿ.