ಕ್ಯಾನರಿ ವಾರ್ಫ್: ಅರ್ಧ ದಿನದಲ್ಲಿ ಏನೇನು ನೋಡಬಹುದು?

ಪ್ರಶ್ನೆ: ಲಂಡನ್ನಿನ ಕಚೇರಿ ಗೋಪುರಗಳ ಪ್ರದೇಶವಾದ ಕ್ಯಾನರಿ ವಾರ್ಫ್‌ಗೆ ‘ಬ್ಯಾಂಕ್’ ಎಂಬ ನಿಲ್ದಾಣದಿಂದ ಹೋಗುವುದು ಹೇಗೆ? ಎತ್ತರದ ಕಟ್ಟಡದ ಮೇಲೆ ಹತ್ತಲು ಬಿಡುತ್ತಾರಾ?

ಉತ್ತರ 1: ಲೂಯಿಶಮ್ ಕಡೆಗೆ ಹೋಗುವ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ಹಿಡಿಯಿರಿ. ಚಾಲಕನ ಕೋಣೆ ಇಲ್ಲದ ರೈಲು, ಮುಂದಿನ ಸೀಟು ಸಿಕ್ಕರೆ ಹಳಿ, ನೀರು, ಗೋಪುರ ಎಲ್ಲ ಎದುರಿಗೇ. ಒಂದು ಎಚ್ಚರ: ಡಿಎಲ್‌ಆರ್‌ನ ಹಲವು ನಿಲ್ದಾಣಗಳಲ್ಲಿ ಗೇಟೇ ಇರುವುದಿಲ್ಲ, ಹಾಗಾಗಿ ಇಳಿದಾಗ ದರ ಕಟ್ಟುವ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸುವುದು ಮರೆತುಹೋಗುತ್ತದೆ. ಮರೆತರೆ ಗರಿಷ್ಠ ದರ ಕತ್ತರಿಸುತ್ತಾರೆ. ಹತ್ತುವಾಗ ಬಳಸಿದ ಕಾರ್ಡನ್ನೇ ಇಳಿದಾಗಲೂ ಬಳಸಿ. ಅದೇ ಕಾರ್ಡ್ ಫೋನಿನಲ್ಲಿದ್ದರೂ ಫೋನು ಬೇರೆ, ಕಾರ್ಡು ಬೇರೆ ಎಂದೇ ಲೆಕ್ಕ.

ಉತ್ತರ 2: ಅಲ್ಲಿನ ಹೆಸರಾಂತ ಗೋಪುರ ಒನ್ ಕೆನಡಾ ಸ್ಕ್ವೇರ್ (235 ಮೀಟರ್) ಕಚೇರಿ ಕಟ್ಟಡ, ಸಾರ್ವಜನಿಕ ವೀಕ್ಷಣಾ ಮಹಡಿ ಇಲ್ಲ. ಬದಲಿಗೆ ಎಲಿಜಬೆತ್ ಲೈನ್ ರೈಲು ನಿಲ್ದಾಣದ ಮೇಲಿನ ಕ್ರಾಸ್‌ರೇಲ್ ಪ್ಲೇಸ್ ತಾರಸಿ ತೋಟಕ್ಕೆ ಹೋಗಿ, ಉಚಿತ. ಇಡೀ ಪ್ರದೇಶ ಖಾಸಗಿ ಆಸ್ತಿಯಾದ್ದರಿಂದ ಟ್ರೈಪಾಡ್ ಇಟ್ಟರೆ ಕಾವಲುಗಾರರು ತಡೆಯಬಹುದು.

ಉತ್ತರ 3: ಡಾಕ್‌ಲ್ಯಾಂಡ್ಸ್ ಮ್ಯೂಸಿಯಂ ಬಿಡಲೇಬೇಡಿ! ವೆಸ್ಟ್ ಇಂಡಿಯಾ ಹಡಗುಕಟ್ಟೆಯ ಹಳೆಯ ಸಕ್ಕರೆ ಗೋದಾಮಿನಲ್ಲಿದೆ, ಪ್ರವೇಶ ಉಚಿತ. ಆ ಸಕ್ಕರೆಯ ಹಿಂದಿದ್ದ ಗುಲಾಮಗಿರಿಯ ವಿಭಾಗಕ್ಕೆ ಒಂದು ಗಂಟೆಯಾದರೂ ಇಡಿ. ಆಮೇಲೆ ಡಿಎಲ್‌ಆರ್‌ನಲ್ಲಿ ಹೋಗಿ ಐಲ್ಯಾಂಡ್ ಗಾರ್ಡನ್ಸ್ ನಿಲ್ದಾಣದಲ್ಲಿ ಇಳಿದು, 1902ರ ಸುರಂಗದಲ್ಲಿ ಥೇಮ್ಸ್ ಕೆಳಗೆ ನಡೆದು ಗ್ರಿನಿಚ್ ಸೇರಬಹುದು. ಲಿಫ್ಟ್ ಕೆಟ್ಟಿದ್ದರೆ ಸುರುಳಿ ಮೆಟ್ಟಿಲೇ ಗತಿ.