ಹುರಿದ ಮಿಡತೆಯ ತಿಂಡಿಗೆ ಉಬ್ಬು ಮೈಯ ಪೊಟ್ಟಣ: ಬೆರಳಿಗೆ ಏನು ಸಿಗಬೇಕು?

ಪ್ರಶ್ನೆ

ಹುರಿದು ಮಸಾಲೆ ಹಚ್ಚಿದ ಮಿಡತೆಗಳ ಕುರುಕಲು ತಿಂಡಿಯೊಂದಕ್ಕೆ ಪೊಟ್ಟಣವನ್ನು ವಿನ್ಯಾಸ ಮಾಡುತ್ತಿದ್ದೇನೆ. ಕೈಗೆತ್ತಿಕೊಂಡ ಕೂಡಲೇ ಒಳಗಿರುವುದು ಗರಿಗರಿಯಾದ ತಿನಿಸು ಎನ್ನಿಸಲೆಂದು ಹೊರಮೈಯನ್ನು ಉಬ್ಬುತಗ್ಗಾಗಿ ಮಾಡುವುದು ನನ್ನ ಯೋಚನೆ. ಮೊದಲ ಮಾದರಿಯಲ್ಲಿ ಮಿಡತೆಯ ಕಾಲಿನ ಮುಳ್ಳುಗಳನ್ನೂ ರೆಕ್ಕೆಯ ನರಗಳನ್ನೂ ಯಥಾವತ್ತಾಗಿ ಎಂಬಾಸ್ ಮಾಡಿಸಿದ್ದೆ, ಅಂದರೆ ಅಚ್ಚೊತ್ತಿ ಉಬ್ಬಿಸಿದ್ದೆ. ನೋಡಿದವರು ಮೆಚ್ಚಿದರು, ಆದರೆ ಮುಟ್ಟಿದವರಲ್ಲಿ ಹೆಚ್ಚಿನವರು ಬೇಗನೆ ಕೆಳಗಿಟ್ಟರು. ಹೀಗಿರುವಾಗ ಕೀಟದ ಆಕಾರವನ್ನು ಪೂರ್ತಿ ಕೈಬಿಡಬೇಕೆ, ಮತ್ತು ಉಬ್ಬನ್ನು ತಿಂಡಿ ತುಂಬುವ ಒಳಪೌಚಿನ (ಚೀಲದ) ಮೇಲೂ ತರಬಹುದೆ ಅಥವಾ ಹೊರಗಿನ ರಟ್ಟಿನ ಪೆಟ್ಟಿಗೆಗೇ ಸೀಮಿತಗೊಳಿಸಬೇಕೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1

ಕೆಳಗಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಕಣ್ಣು ಚಿತ್ರವನ್ನು ಚಿತ್ರವೆಂದೇ ನೋಡುತ್ತದೆ, ಬೆರಳಿಗೆ ಆ ಅಂತರ ತಿಳಿಯದು; ಮೈಮೇಲೆ ಹುಳು ಹರಿದಾಗ ಕೊಡವಿಕೊಳ್ಳುವ ಅಭ್ಯಾಸವೇ ಅಲ್ಲಿಯೂ ಕೆಲಸ ಮಾಡುತ್ತದೆ. ಆದರೆ ಒರಟು ಮೈ ಎಂಬ ಮೂಲ ಆಲೋಚನೆಯನ್ನು ಬಿಡಬೇಡಿ. ಸಂಶೋಧಕರಾದ ಬೆಟಿನಾ ಪಿಕೆರಾಸ್-ಫಿಸ್ಮನ್ ಮತ್ತು ಚಾರ್ಲ್ಸ್ ಸ್ಪೆನ್ಸ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒರಟು ಮೈಯ ಡಬ್ಬಿಯಿಂದ ತಿಂದಾಗ ಬಿಸ್ಕತ್ತು ಹೆಚ್ಚು ಗರಿಗರಿಯಾಗಿ ತೋರಿತು. ಆದ್ದರಿಂದ ಮಿಡತೆಯ ಅಂಗಾಂಗಗಳ ಬದಲು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಮೈಯಂತೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣಗೆ ಚೆದುರಿದ ಕಣಗಳ ಉಬ್ಬನ್ನು ಪ್ರಯತ್ನಿಸಿ. ಸಾಫ್ಟ್ ಟಚ್ ಲೇಪನ ಮಾತ್ರ ಬೇಡ; ಮಖಮಲ್ಲಿನ ನುಣುಪು ಕುರುಕಲು ತಿಂಡಿಗೆ ಒಪ್ಪದು, ನನಗಂತೂ ಅದು ಕಂಬಳಿಹುಳುವನ್ನು ನೆನಪಿಸುತ್ತದೆ.

ಉತ್ತರ 2

ಉಬ್ಬನ್ನು ಹೊರರಟ್ಟಿಗೇ ಇಡಿ. ಒಣಗಿಸಿದ ಮಿಡತೆಯಲ್ಲಿ ಅಪರ್ಯಾಪ್ತ ಕೊಬ್ಬು ಇರುವುದರಿಂದ ಆಮ್ಲಜನಕ ತಾಗಿದರೆ ಕಮಟು ವಾಸನೆ ಬರುತ್ತದೆ, ತೇವ ತಾಗಿದರೆ ಗರಿಗರಿತನ ಹೋಗುತ್ತದೆ. ಇವೆರಡನ್ನೂ ತಡೆಯುವುದು ಒಳಪೌಚಿನ ಲೋಹಲೇಪಿತ ಪದರ. ಅದನ್ನು ಎಳೆದು ಉಬ್ಬಿಸಿದರೆ ಕಣ್ಣಿಗೆ ಕಾಣದ ಬಿರುಕುಗಳು ಬೀಳಬಹುದು. ವಿನ್ಯಾಸದ ಉಬ್ಬು ಸೀಲಿನ ಪಟ್ಟಿಯೊಳಕ್ಕೆ ಚಾಚಿಕೊಂಡರಂತೂ ಗಾಳಿ ನುಸುಳಲು ದಾರಿ ಮಾಡಿಕೊಟ್ಟಂತೆಯೇ ಸರಿ. ರಟ್ಟಿಗೆ ಎಂಬಾಸಿಂಗ್ ಮಾಡಿಸುವಾಗ ಗಂಡು ಡೈ (ಉಬ್ಬಿನ ಅಚ್ಚು), ಹೆಣ್ಣು ಡೈ (ತಗ್ಗಿನ ಅಚ್ಚು) ಎರಡಕ್ಕೂ ಚೂಪು ಮೂಲೆಗಳ ಬದಲು ಇಳಿಜಾರು ಅಂಚುಗಳಿರಲಿ, ಇಲ್ಲವಾದರೆ ನಾರು ಹರಿದು ಮೇಲಿನ ಶಾಯಿ ಬಿರಿಯುತ್ತದೆ. ಮರುಬಳಕೆಯ ರಟ್ಟಿನಲ್ಲಿ ನಾರು ಗಿಡ್ಡವಾದ್ದರಿಂದ ಈ ತೊಂದರೆ ಇನ್ನೂ ಹೆಚ್ಚು. ಬಾರ್‌ಕೋಡ್ ಮತ್ತು ಅಂಟು ಹಚ್ಚುವ ಮಡಿಕೆ ಸಮತಟ್ಟಾಗಿಯೇ ಇರಬೇಕು.

ಉತ್ತರ 3

ಮೊದಲ ಉತ್ತರಕ್ಕೆ ಒಂದು ತಿದ್ದುಪಡಿ ಬೇಕು. ಮಿಡತೆಯನ್ನು ಸ್ಪರ್ಶದಿಂದ ತೆಗೆಯಿರಿ, ಆದರೆ ಕಣ್ಣಿನಿಂದ ಮರೆಮಾಡಬೇಡಿ. ಕರಿದ ಹಿಟ್ಟಿನಂತಹ ಮೈಯಷ್ಟೇ ಉಳಿದರೆ ಕೊಳ್ಳುವವರು ಬೇರಾವುದೋ ತಿಂಡಿ ಎಂದುಕೊಳ್ಳುತ್ತಾರೆ. ಸೀಗಡಿ, ಏಡಿಗಳ ಅಲರ್ಜಿ ಇರುವವರಿಗೆ ಮಿಡತೆಯೂ ಒಗ್ಗದಿರಬಹುದಾದ್ದರಿಂದ ಇದು ಬರಿಯ ಪ್ರಾಮಾಣಿಕತೆಯ ಪ್ರಶ್ನೆಯೂ ಅಲ್ಲ. ಯುರೋಪಿಯನ್ ಒಕ್ಕೂಟವು 2021ರಲ್ಲಿ ವಲಸೆ ಮಿಡತೆಯನ್ನು ಆಹಾರವಾಗಿ ಮಾರಲು ಅನುಮತಿ ಕೊಟ್ಟಾಗ, ಈ ಎಚ್ಚರಿಕೆಯನ್ನು ಪದಾರ್ಥಗಳ ಪಟ್ಟಿಯ ಸಮೀಪದಲ್ಲೇ ಮುದ್ರಿಸಬೇಕೆಂದು ವಿಧಿಸಿತು. ಆ ಸಣ್ಣ ಅಕ್ಷರಗಳು ಉಬ್ಬಿನ ಮೇಲೆ ಬಂದರೆ ಓದಲಾಗದು. ಇನ್ನೊಂದು ಮಾತು: ಚುಕ್ಕಿಗಳನ್ನು ಸಮನಾದ ಸಾಲುಗಳಲ್ಲಿ ಇಡಬೇಡಿ, ಬ್ರೈಲ್ ಓದುವವರ ಬೆರಳು ಅಲ್ಲಿ ಅಕ್ಷರಗಳನ್ನು ಹುಡುಕುತ್ತದೆ.

ಪ್ರಶ್ನೆ ಕೇಳಿದವರಿಂದ

ಬ್ರೈಲ್ ವಿಚಾರ ನನಗೆ ಹೊಳೆದೇ ಇರಲಿಲ್ಲ. ಮಿಡತೆಯ ಚಿತ್ರವನ್ನು ಮುಂಭಾಗದಲ್ಲಿ ಸಪಾಟಾಗಿ ಮುದ್ರಿಸಿ, ಚೆದುರಿದ ಕಣಗಳ ಉಬ್ಬನ್ನು ಪೆಟ್ಟಿಗೆ ಹಿಡಿಯುವಾಗ ಬೆರಳು ಕೂರುವ ಎರಡು ಪಕ್ಕಗಳಿಗೆ ಮಾತ್ರ ಕೊಟ್ಟು ಹೊಸ ಡೈ ಮಾಡಿಸುತ್ತೇನೆ. ಈ ಸಲ ಮಾದರಿಯನ್ನು ಮೊದಲು ಕಣ್ಣು ಮುಚ್ಚಿದವರ ಕೈಗೆ ಕೊಡುವೆ.