ಅಜ್ಜಿ ಹತ್ರ ಇರೋ ಎರಡು ಮಕ್ಕಳಿಗೆ ಮೊದ್ಲು ಏನು ಮಾಡಿಸ್ಬೇಕು? ಗೊತ್ತಿರೋರು ಹೇಳಿ, ಪಾವಗಡ ಕಡೆ

ಜೆರಾಕ್ಸ್ ಅಂಗಡಿ, ಪಾವಗಡ:

ಎಲ್ರಿಗೂ ನಮಸ್ಕಾರ. ಹೋಬಳಿ ಊರಲ್ಲಿ ನಂದೊಂದು ಸಣ್ಣ ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿನೂ ಹಾಕಿಕೊಡ್ತೀನಿ. ಹೋದ ವಾರ ನಮ್ಮ ಬೀದಿ ಅಜ್ಜಿ ಒಬ್ರು ಬಂದ್ರು, ಕೈಯಲ್ಲಿ ಗಂಟು ಕಟ್ಟಿದ ಪ್ಲಾಸ್ಟಿಕ್ ಕವರು, ಮನೇಲಿರೋ ಕಾಗದ ಎಲ್ಲಾ ಅದ್ರೊಳಗೇನೆ. "ಇದ್ರಲ್ಲಿ ಯಾವ್ದಾನ ಕೆಲ್ಸಕ್ಕೆ ಬತ್ತದಾ ನೋಡಪ್ಪ, ಮಕ್ಳಿಗೆ ಏನಾನ ಆಗೋ ಹಂಗೆ ಮಾಡು" ಅಂದ್ರು.

ವಿಷ್ಯ ಏನಂದ್ರೆ ಅಜ್ಜಿ ಮಗಳು ಅಳಿಯ ತಿರುಮಣಿ ಕಡೆಯವ್ರು. ಅಲ್ಲಿ ಸೋಲಾರ್ ಪಾರ್ಕ್‌ಗೆ ಸುಮಾರು 13 ಸಾವಿರ ಎಕರೆ ಹೋಯ್ತಲ್ಲ, ಜಮೀನಿದ್ದೋರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ಗುತ್ತಿಗೆ ದುಡ್ಡು ಅಂತ ಶುರುವಾಯ್ತು, ಇವ್ರಿಗೆ ಸ್ವಂತ ಭೂಮಿ ಇರ್ಲಿಲ್ಲ, ಮಾಡ್ತಿದ್ದ ಹೊಲದ ಕೂಲಿನೂ ಹೋಯ್ತು, ಬೆಂಗಳೂರಿಗೆ ಗಾರೆ ಕೆಲ್ಸಕ್ಕೆ ಹೋದ್ರು. ಹೋದ ವರ್ಷ ದೀಪಾವಳಿ ಮುಂಚೆ ಮಗಳು ಕಾಯಿಲೆ ಬಂದು ತೀರ್ಕೊಂಡ್ರು. ಅಳಿಯ ಮಕ್ಕಳನ್ನ ಅಜ್ಜಿ ಮನೇಲಿ ಬಿಟ್ಟು ಹೋದೋನು ಆಮೇಲೆ ಫೋನೇ ಸ್ವಿಚ್ ಆಫ್.

ದೊಡ್ಡವಳಿಗೆ 11 ವರ್ಷ, ಬೆಂಗಳೂರಲ್ಲಿ ಸರ್ಕಾರಿ ಶಾಲೇಲಿ ಆರನೇ ಕ್ಲಾಸು ಅರ್ಧಕ್ಕೆ ಬಿಟ್ಟು ಬಂದಿದ್ದಾಳೆ. ಚಿಕ್ಕೋನಿಗೆ ನಾಲ್ಕು ತುಂಬೋಕೆ ಇನ್ನೂ ಎರಡು ತಿಂಗಳಿದೆ, ನೋಡಿದ್ರೆ ಎರಡೂವರೆ ವರ್ಷದ ಮಗು ಥರ ಇದ್ದಾನೆ. ಅಜ್ಜಿ ಕೂಲಿಗೆ ಹೋದ್ರೆ ತಮ್ಮನ್ನ ನೋಡ್ಕೊಳ್ಳೋಳು ಇವಳೇ, ಜೊತೆಗೆ ಮನೆ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸ್ತಾಳೆ, ಕೆಜಿ ಲೆಕ್ಕದಲ್ಲಿ ಕೂಲಿ. ನಾನು ಮನೆ ಹತ್ರ ಹೋದಾಗ ಕೈ ಹಿಂದೆ ಮುಚ್ಕೊಂಡ್ಲು, ಆಮೇಲೆ ನೋಡಿದ್ರೆ ಬೆರಳೆಲ್ಲಾ ಕಪ್ಪಗಾಗಿ ಉಗುರು ಸಂದೀಲಿ ಬಿರುಕು ಬಿಟ್ಟಿದೆ.

ಅಂಗನವಾಡಿಲಿ ಮಗೂದು ಆಧಾರ್ ತನ್ನಿ ಅಂದಿದ್ದಾರೆ, ಆಧಾರ್ ಮಾಡೋ ಕಡೆ ಜನನ ಪ್ರಮಾಣಪತ್ರ ತನ್ನಿ ಅಂದಿದ್ದಾರೆ, ಅದಕ್ಕೆ ಯಾರೋ ಒಬ್ಬ ಕೋರ್ಟಿಗೆ ಹೋಗ್ಬೇಕು 5 ಸಾವಿರ ಆಗುತ್ತೆ ಅಂದನಂತೆ. ಶಾಲೇಲಿ ಇನ್ನೇನು ವರ್ಷ ಮುಗೀತು ಜೂನ್‌ಗೆ ಬನ್ನಿ ಅಂತ. ರೇಷನ್ ಕಾರ್ಡಲ್ಲಿ ಅಜ್ಜಿದೊಂದೇ ಹೆಸ್ರು, ಅದ್ರಲ್ಲಿ ಬರೋ ಅಕ್ಕೀಲೇ ಮೂರು ಜನ. ನಾನು ದಿನಾ ಅರ್ಜಿ ಹಾಕೋನು, ಆದ್ರೂ ಯಾವ ಕಡೆಯಿಂದ ಶುರು ಮಾಡ್ಬೇಕು ಅಂತ ತಲೆ ಓಡ್ತಿಲ್ಲ. ದಯವಿಟ್ಟು ಹೇಳಿ.

ಅಂಗನವಾಡಿ ಟೀಚರ್, ಶಿರಾ ಕಡೆ:

ತಮ್ಮಾ, ಕಾಗದ ಎಲ್ಲಾ ಪಕ್ಕಕ್ಕಿಡು, ನಾಳೆ ಬೆಳಿಗ್ಗೆ ಆ ಮಗೂನ ಎತ್ಕೊಂಡು ಅಂಗನವಾಡಿಗೆ ಹೋಗು, ಬೇರೇದೆಲ್ಲಾ ಆಮೇಲೆ. ನಾನು ಹತ್ತೊಂಬತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದ್ದೀನಿ, 6 ತಿಂಗಳಿಂದ 6 ವರ್ಷದ ತನಕ ಯಾವ ಮಗು ಬಂದ್ರೂ ಸೇರಿಸ್ಕೊಳ್ಳೋದೇ, ಮಗೂದು ಆಧಾರ್ ಕಡ್ಡಾಯ ಇಲ್ಲ ಅಂತ ಕೇಂದ್ರದವ್ರೇ ಸ್ಪಷ್ಟ ಮಾಡಿದ್ದಾರೆ. ನಮ್ಗೂ ಕಷ್ಟ ಇದೆ ಅದನ್ನೂ ಹೇಳ್ಬೇಕು, ಪೋಷಣ್ ಟ್ರ್ಯಾಕರ್ ಅಂತ ಮೊಬೈಲಲ್ಲಿ ಆ್ಯಪ್ ಇದೆ, ಅದ್ರಲ್ಲಿ ತಾಯಿ ಆಧಾರ್ ಕೇಳುತ್ತೆ, ತಾಯಿನೇ ಇಲ್ದಿರೋ ಮಗು ಬಂದ್ರೆ ಹೊಸಬ್ರಿಗೆ ಏನು ಮಾಡ್ಬೇಕು ಗೊತ್ತಾಗಲ್ಲ, ಆಧಾರ್ ತನ್ನಿ ಅಂದ್ಬಿಡ್ತಾರೆ. ಸುಮ್ನೆ ಜಗಳ ಆಡ್ಬೇಡ. ಬೆಂಗಳೂರಲ್ಲಿದ್ದಾಗ ತಾಯಿ ಹೆಸ್ರಲ್ಲಿ ಮಗು ಅಲ್ಲೆಲ್ಲಾದ್ರೂ ಸೇರಿತ್ತಾ ಕೇಳು, ಸೇರಿದ್ರೆ ಆ ಕೇಂದ್ರದಿಂದ ಇಲ್ಲಿಗೆ ವರ್ಗ ಮಾಡ್ಕೊಳ್ಳೋಕೆ ಆ್ಯಪಲ್ಲೇ ಬರುತ್ತೆ. ಟೀಚರ್‌ಗೆ ಆಗ್ಲಿಲ್ಲ ಅಂದ್ರೆ ಸೂಪರ್‌ವೈಸರ್ ಇರ್ತಾರೆ, ಅವ್ರ ಮೇಲೆ ಪಾವಗಡದಲ್ಲಿ ಸಿಡಿಪಿಒ, ಅಂದ್ರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಆಫೀಸ್ ಇದೆ, ಬಿಳಿ ಹಾಳೇಲಿ ನಾಲ್ಕು ಸಾಲು ಬರ್ಕೊಂಡು ಹೋಗಿ ಕೊಟ್ಟು ಸ್ವೀಕೃತಿ ಹಾಕಿಸ್ಕೋ.

ಇನ್ನೊಂದು, ಎರಡೂವರೆ ವರ್ಷದ ಥರ ಇದ್ದಾನೆ ಅಂದ್ಯಲ್ಲ ಅದು ನಂಗೆ ಹೊಟ್ಟೆ ಕಿವುಚಿದಂಗಾಯ್ತು. ತೋಳಿನ ಸುತ್ತಳತೆ ಅಳೆಸು, ನಮ್ಮ ಹತ್ರ ಮೂರು ಬಣ್ಣದ ಟೇಪ್ ಇರುತ್ತೆ, ಎಡಗೈ ತೋಳಿನ ಮಧ್ಯಕ್ಕೆ ಸುತ್ತಿ ನೋಡ್ತೀವಿ. 12.5 ಸೆಂಟಿಮೀಟರ್ ಮೇಲಿದ್ರೆ ಹಸಿರು, 11.5 ಕೆಳಗೆ ಬಂದ್ರೆ ಕೆಂಪು. ಕೆಂಪು ಬಂದ್ರೆ ಊರಲ್ಲಿ ಇಟ್ಕೊಳ್ಳೋದು ಬೇಡ, ಆಶಾ ಅವ್ರಿಗೆ ಹೇಳಿ ಡಾಕ್ಟರ್ ಹತ್ರ ತೋರಿಸಿ ಎನ್‌ಆರ್‌ಸಿಗೆ, ಅಂದ್ರೆ ಅಪೌಷ್ಟಿಕ ಮಕ್ಕಳ ಪುನಶ್ಚೇತನ ಕೇಂದ್ರಕ್ಕೆ ಸೇರಿಸ್ಬೇಕು. ಅಲ್ಲಿ ಸುಮಾರು 14 ದಿನ ಇಟ್ಕೊಂಡು ಊಟ ಔಷಧಿ ಕೊಡ್ತಾರೆ, ಜೊತೆಗಿರೋರಿಗೂ ಊಟ ಇರುತ್ತೆ, ಕೂಲಿ ಹೋಗುತ್ತಲ್ಲ ಅದಕ್ಕೂ ದಿನದ ಲೆಕ್ಕದಲ್ಲಿ ದುಡ್ಡು ಇದೆ. ಅಜ್ಜಿ ಕೂಲಿ ಬಿಟ್ಟು ಹೆಂಗಿರ್ಲಿ ಅಂದ್ರೆ ಇದನ್ನ ಹೇಳು.

ಅವ್ನು ಬೆಳಿಗ್ಗೆ ಬಂದ್ರೆ ಸಂಜೆ 4ರ ತನಕ ನಮ್ಮ ಹತ್ರ ಇರ್ತಾನೆ, ಹಾಲು ಮೊಟ್ಟೆ ಊಟ ಎಲ್ಲಾ ಇಲ್ಲೇ. ಆಗ ಅಕ್ಕ ಶಾಲೆಗೆ ಹೋಗ್ಬಹುದು. ಆ ಹುಡ್ಗಿ ಶಾಲೆ ಬಿಟ್ಟಿರೋದು ತಮ್ಮನಿಗೋಸ್ಕರ, ಅಷ್ಟು ಅರ್ಥ ಮಾಡ್ಕೋ.

ಮೇಷ್ಟ್ರು, ಕೊರಟಗೆರೆ:

ಮೇಡಂ ಹೇಳಿದ ಕೊನೆ ಮಾತು ನೂರಕ್ಕೆ ನೂರು ನಿಜ, ನಮ್ಮ ಕಡೆ ಶಾಲೆ ಬಿಟ್ಟ ಹೆಣ್ಮಕ್ಕಳ ಮನೆಗೆ ಹೋದ್ರೆ ಸುಮಾರು ಕಡೆ ಸೊಂಟದ ಮೇಲೆ ಒಂದು ಮಗು ಇದ್ದೇ ಇರುತ್ತೆ.

ಜೂನ್‌ಗೆ ಬನ್ನಿ ಅನ್ನೋದನ್ನ ಒಪ್ಕೋಬೇಡಿ ಸಾರ್. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕಿನ 2009ರ ಕಾಯ್ದೇಲಿ 15ನೇ ಸೆಕ್ಷನ್ ಓದಿ, ವರ್ಷದ ಮಧ್ಯೆ ಬಂದ್ರೂ ಸೇರಿಸ್ಕೊಳ್ಳೇಬೇಕು. ವಯಸ್ಸಿನ ದಾಖಲೆ ಇಲ್ಲ ಅಂತ ವಾಪಸ್ ಕಳಿಸೋ ಹಂಗಿಲ್ಲ, ಅದು 14ನೇ ಸೆಕ್ಷನ್. ಟಿಸಿ ತಡ ಆಯ್ತು ಅಂತಾನೂ ನಿಲ್ಲಿಸೋ ಹಂಗಿಲ್ಲ. ನಿಮ್ಮ ಹುಡ್ಗಿದು ಇನ್ನೂ ಸುಲಭ, ಬೆಂಗಳೂರಲ್ಲಿ ಸರ್ಕಾರಿ ಶಾಲೇಲಿ ಓದಿದ್ರೆ ಸ್ಯಾಟ್ಸ್ ನಂಬರ್, ಅಂದ್ರೆ ಇಲಾಖೆ ಆನ್‌ಲೈನ್ ದಾಖಲೇಲಿ ಪ್ರತಿ ಮಗೂಗೂ ಕೊಡೋ ನಂಬರ್ ಇದ್ದೇ ಇರುತ್ತೆ, ಹಳೇ ಮಾರ್ಕ್ಸ್ ಕಾರ್ಡಲ್ಲಿ ನೋಡಿ. ಆ ನಂಬರ್ ಕೊಟ್ರೆ ಹೆಡ್ ಮಾಸ್ಟರ್ ಆನ್‌ಲೈನಲ್ಲೇ ಆ ಶಾಲೆಯಿಂದ ವರ್ಗ ಕೇಳ್ಬಹುದು, ಬೆಂಗಳೂರಿಗೆ ಓಡಾಡೋ ಕೆಲ್ಸ ಇಲ್ಲ. ಆಗಲ್ಲ ಅಂದ್ರೆ ಸುತ್ತಲ ಶಾಲೆಗಳನ್ನ ನೋಡ್ಕೊಳ್ಳೋ ಸಿಆರ್‌ಪಿಗೆ ಹೇಳಿ, ಆಮೇಲೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ. ಶಾಲೆ ಬಿಟ್ಟ ಮಕ್ಕಳನ್ನ ವಾಪಸ್ ಕರ್ಕೊಂಡು ಬರೋದು ಅವ್ರ ಕೆಲ್ಸಾನೇ.

ನಾನ್ಯಾಕೆ ಜೂನ್ ಬೇಡ ಅಂತೀನಿ ಅಂದ್ರೆ ಈಗ ಹುಣಸೆಹಣ್ಣಿನ ಸೀಸನ್, ಅದು ಮುಗಿದ್ರೆ ಇನ್ನೊಂದು ಕೂಲಿ, ಜೂನ್ ಬರೋಷ್ಟ್ರಲ್ಲಿ ಯಾರೋ ಸಂಬಂಧಿಕ್ರು ಬಂದು ಮನೆಗೆಲ್ಸಕ್ಕೆ ಬೆಂಗಳೂರಿಗೆ ಕರ್ಕೊಂಡು ಹೋಗಿರ್ತಾರೆ. ನನ್ನ ಕ್ಲಾಸಲ್ಲೇ ಹಂಗೆ ಒಬ್ಳು ಹೋದ್ಲು, ನಾನು ಹಾಜರಿಲಿ ಮೂರು ವಾರ ಗೈರು ಹಾಕ್ತಾ ಕೂತಿದ್ದೆ, ಮನೆಗೆ ಹೋಗಿ ನೋಡ್ಲಿಲ್ಲ. ಅದು ಇವತ್ತಿಗೂ ಕಾಡುತ್ತೆ ನನ್ನ. ಪರೀಕ್ಷೆಗೆ ಒಂದೇ ತಿಂಗಳಿದ್ರೂ ಪರ್ವಾಗಿಲ್ಲ, ಬಂದು ಕೂತ್ಕೊಳ್ಳಲಿ, ಮಧ್ಯಾಹ್ನ ಬಿಸಿಯೂಟ ಸಿಗುತ್ತೆ, ಜೊತೆ ಹುಡ್ಗೀರು ಸಿಗ್ತಾರೆ. 2024ರ ಬರದಲ್ಲಿ ಬೇಸಿಗೆ ರಜೇಲೂ ಬಿಸಿಯೂಟ ಕೊಟ್ವಿ, ಬಿಸಿಲಲ್ಲಿ ತಟ್ಟೆ ಹಿಡ್ಕೊಂಡು ಬಂದ ಮಕ್ಕಳನ್ನ ಕಣ್ಣಾರೆ ನೋಡಿದ್ದೀನಿ, ಆ ಒಂದು ಊಟದ ಬೆಲೆ ಏನು ಅಂತ ಆಗ ಗೊತ್ತಾಯ್ತು.

ಜೆರಾಕ್ಸ್ ಅಂಗಡಿ, ಪಾವಗಡ:

ಮೇಡಂ, ಸಾರ್, ಇಬ್ರಿಗೂ ತುಂಬಾ ಥ್ಯಾಂಕ್ಸ್. ಆದ್ರೆ ಜನನ ಪ್ರಮಾಣಪತ್ರದ್ದು ಏನು ಮಾಡೋದು? ಮಧುಗಿರಿ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಹೋಗ್ಬೇಕಾ? ಕವರಲ್ಲಿ ಹುಡುಕಿದ್ರೆ ಒಂದು ತೆಲುಗು ಚೀಟಿ ಇದೆ, ಚಿಕ್ಕೋನ ಹೆರಿಗೆಗೆ ಹಿಂದೂಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿದ್ರಂತೆ, ನಮ್ಮ ಕಡೆ ಸುಮಾರು ಜನ ಗಡಿ ದಾಟಿ ಅಲ್ಲಿಗೇ ಹೋಗ್ತಾರೆ. ಮಡಚಿ ಮಡಚಿ ಮಧ್ಯೆ ಹರಿದಿದೆ, ತಾರೀಖು ಓದ್ಬಹುದು.

ಮಕ್ಕಳ ರಕ್ಷಣೆ ಕೆಲ್ಸ ಮಾಡಿದ್ದೆ, ತುಮಕೂರು:

ಆ ಚೀಟಿ ಬಿಸಾಕ್ಬೇಡಿ!! ಮೊದ್ಲು ಎರಡು ಜೆರಾಕ್ಸ್ ತೆಗೆದಿಡಿ. ಜನನ ನೋಂದಣಿ ಆಗೋದು ಮಗು ಎಲ್ಲಿ ಹುಟ್ಟಿತೋ ಅಲ್ಲಿ, ಮನೆ ಇರೋ ಊರಲ್ಲಿ ಅಲ್ಲ. ಸರ್ಕಾರಿ ಆಸ್ಪತ್ರೇಲಿ ಹುಟ್ಟಿದ್ರೆ ಹೆಚ್ಚು ಕಮ್ಮಿ ಅವ್ರೇ ನೋಂದಣಿ ಮಾಡಿರ್ತಾರೆ, ನೀವು ಹೋಗಿ ಪ್ರತಿ ತಗೊಂಡಿಲ್ಲ ಅಷ್ಟೇ. ಪಾವಗಡ ಕಡೆ ಇದೊಂದು ದೊಡ್ಡ ಗೊಂದಲ, ಆಂಧ್ರದಲ್ಲಿ ಹುಟ್ಟಿದ ಮಗೂಗೆ ಇಲ್ಲಿ ಅಲೀತಾ ಇರ್ತಾರೆ. ಒಂದು ವೇಳೆ ಅಲ್ಲಿ ದಾಖಲೆ ಸಿಗ್ಲಿಲ್ಲ ಅಂದ್ರೆ ಲಭ್ಯವಿಲ್ಲ ಅಂತ ಬರೆಸ್ಕೊಂಡು ಬನ್ನಿ, ವರ್ಷ ದಾಟಿದ್ರೆ ಉಪವಿಭಾಗದ ಮ್ಯಾಜಿಸ್ಟ್ರೇಟ್ ಆದೇಶ ಬೇಕು, 2023ರ ತಿದ್ದುಪಡಿಲಿ ಹಂಗಿದೆ, ಅದೂ ಆ ಕಡೆ ಅಧಿಕಾರಿದು, ಮಧುಗಿರಿದಲ್ಲ. ಮಗು ಹೆಸ್ರಿನ ಜಾಗ ಖಾಲಿ ಇದ್ರೆ ಗಾಬರಿ ಬೇಡ, 15 ವರ್ಷದ ತನಕ ಹೆಸರು ಸೇರಿಸ್ಬಹುದು.

ಇನ್ನು ದೊಡ್ಡ ವಿಷ್ಯ. ಮಿಷನ್ ವಾತ್ಸಲ್ಯ ಅಂತ ಮಕ್ಕಳ ರಕ್ಷಣೆಗೆ ಕೇಂದ್ರದ ಯೋಜನೆ ಇದೆ, ಅದ್ರಲ್ಲಿ ಪ್ರಾಯೋಜಕತ್ವ ಅಂತ ತಿಂಗಳಿಗೆ ಒಂದು ಮಗೂಗೆ 4,000 ರೂಪಾಯಿ, ಸಂಬಂಧಿಕರ ಮನೇಲಿ ಬೆಳೀತಿರೋ ಇಂಥ ಮಕ್ಕಳಿಗೇ ಇರೋದು. ಹಳ್ಳೀಲಿ ಮನೆ ಆದಾಯ ವರ್ಷಕ್ಕೆ 72 ಸಾವಿರ ದಾಟಿರ್ಬಾರ್ದು. ತುಮಕೂರಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ, ಅಲ್ಲಿಂದ ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ವರದಿ ಬರೀತಾರೆ, ಆಮೇಲೆ ಡಿಸಿ ಅಧ್ಯಕ್ಷತೆ ಸಮಿತೀಲಿ ತೀರ್ಮಾನ. ತಾಯಿ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ದೊಡ್ಡವಳು ಶಾಲೇಲಿ ಓದ್ತಿದ್ದಾಳೆ ಅಂತ ದೃಢೀಕರಣ, ಬ್ಯಾಂಕ್ ಖಾತೆ ಇಟ್ಕೊಳ್ಳಿ. ಅದಕ್ಕೇ ಮೊದ್ಲು ಶಾಲೆಗೆ ಸೇರಿಸಿ ಅಂತ ನಾನೂ ಹೇಳೋದು. ಅರ್ಜಿಗೆ ಫೀಸ್ ಇಲ್ಲ, ನಾನು ಮಾಡಿಸ್ತೀನಿ ಇಷ್ಟು ಕೊಡಿ ಅಂತ ಯಾರಾದ್ರೂ ಬಂದ್ರೆ ಬಾಗ್ಲಲ್ಲೇ ಕಳಿಸಿ. ಅಪ್ಪ ಇದ್ದಾನೆ ಅನ್ನೋದನ್ನ ಮುಚ್ಚಿಡ್ಬೇಡಿ, ಬಿಟ್ಟು ಹೋಗಿದ್ದಾನೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಆಮೇಲೆ ಗೊತ್ತಾದ್ರೆ ಫೈಲ್ ಅಲ್ಲೇ ನಿಲ್ಲುತ್ತೆ. ಬರೋಕೆ ಆಗದಿದ್ರೆ ಮಕ್ಕಳ ಸಹಾಯವಾಣಿ 1098ಗೆ ಫೋನ್ ಮಾಡಿದ್ರೂ ಸಾಕು.

ಅಜ್ಜಿಗೆ ಗಂಡ ಇಲ್ವಾ? ಇಲ್ಲಾಂದ್ರೆ ವಿಧವಾ ವೇತನ ಬರ್ತಿದೆಯಾ ನೋಡಿ. 65 ದಾಟಿದ್ರೆ ಸಂಧ್ಯಾ ಸುರಕ್ಷಾ ಅಂತ ವಯಸ್ಸಾದೋರ ಪಿಂಚಣಿ, ಅದು ತಿಂಗಳಿಗೆ 1,200. ಎರಡೂ ನಾಡಕಚೇರೀಲೇ ಆಗುತ್ತೆ.

ಶಿಡ್ಲಘಟ್ಟದವಳು:

ಒಂದು ಮಾತು ಹೇಳ್ಬೇಕು ಅನ್ನಿಸ್ತು. ನಾನೂ ಅಜ್ಜಿ ಹತ್ರ ಬೆಳೆದವಳು, ನಮ್ಮ ಮನೆ ರೇಷ್ಮೆ ನೂಲು ತೆಗೆಯೋ ಫಿಲೇಚರ್ ಪಕ್ಕದಲ್ಲೇ ಇತ್ತು, ನನ್ನ ಕೈನೂ ಬಿಸಿನೀರಲ್ಲಿ ಬೆಂದು ಹಿಂಗೇ ಇರ್ತಿತ್ತು. ಆಗ ಯಾರೋ ಆಫೀಸಿನವ್ರು ಬರ್ತಾರೆ ಅಂದ್ರೆ ಅಜ್ಜಿ ನನ್ನ ಅಟ್ಟಕ್ಕೆ ಹತ್ತಿಸ್ತಿದ್ರು. ಮಗೂನ ಹಾಸ್ಟೆಲಿಗೆ ಎತ್ಕೊಂಡು ಹೋಗ್ತಾರೆ ಅಂತ ಭಯ. ಅಣ್ಣಾ, ಮನೆಗೆ ಬಂದು ನೋಡ್ತಾರೆ ಅನ್ನೋದನ್ನ ನಿಮ್ಮ ಅಜ್ಜಿಗೆ ಮುಂಚೇನೇ ಹೇಳಿ, ಯಾಕೆ ಬರ್ತಾರೆ ಅಂತಾನೂ ಹೇಳಿ. ಇಲ್ಲಾಂದ್ರೆ ಅವತ್ತು ಬಾಗ್ಲು ಹಾಕಿರುತ್ತೆ.

ಮಕ್ಕಳ ರಕ್ಷಣೆ ಕೆಲ್ಸ ಮಾಡಿದ್ದೆ, ತುಮಕೂರು:

ಅಕ್ಕ ಹೇಳಿದ್ದು ಸರಿ, ನಾನು ಬರೀಬೇಕಿತ್ತು. ಮಗೂನ ಸಂಸ್ಥೇಲಿ ಇಡೋದು ಬೇರೆ ದಾರಿನೇ ಇಲ್ದಾಗ ಮಾತ್ರ ಅಂತ 2015ರ ಬಾಲ ನ್ಯಾಯ ಕಾಯ್ದೇಲೇ ಇದೆ. ಈ 4,000 ಕೊಡೋದೇ ಮಕ್ಕಳು ಮನೇಲಿ ಇರ್ಲಿ ಅಂತ. ನಿಮ್ಮ ಕಡೆ ಸುಮಾರು ಜನರ ಮನೆಮಾತು ತೆಲುಗಲ್ವಾ, ಅಜ್ಜಿಗೂ ಹಂಗಿದ್ರೆ ಇದನ್ನ ತೆಲುಗಲ್ಲೇ ಹೇಳಿ.

ಜೆರಾಕ್ಸ್ ಅಂಗಡಿ, ಪಾವಗಡ:

ಇಪ್ಪತ್ತು ದಿನ ಆಯ್ತು, ಏನೇನಾಯ್ತು ಅಂತ ಹೇಳ್ತೀನಿ. ಚಿಕ್ಕೋನ ತೋಳು 12.1 ಬಂತು, ಹಳದಿ. ಟೀಚರ್ ಆ ದಿನಾನೇ ಕೂರಿಸ್ಕೊಂಡ್ರು, ಹೆಸರು ಸೇರಿಸೋಕೆ ಸೂಪರ್‌ವೈಸರ್ ಸಹಾಯ ಮಾಡಿದ್ರು. ಮೊದಲ್ನೇ ದಿನ ಮೊಟ್ಟೆ ಕೊಟ್ರೆ ಅರ್ಧ ತಿಂದು ಉಳಿದ ಅರ್ಧ ಅಂಗಿ ಜೇಬಲ್ಲಿ ಇಟ್ಕೊಂಡಿದ್ದ, ಅಕ್ಕನಿಗೆ ಅಂತ. ಅಕ್ಕ ಈಗ ಶಾಲೆಗೆ ಹೋಗ್ತಿದ್ದಾಳೆ, ಸ್ಯಾಟ್ಸ್ ನಂಬರಿಂದಾನೇ ಆಯ್ತು. ಸಂಜೆ ಇನ್ನೂ ಹುಣಸೆಹಣ್ಣು ಬಿಡಿಸ್ತಾಳೆ, ಅದನ್ನ ಪೂರ್ತಿ ನಿಲ್ಸೋಕೆ ಆಗಿಲ್ಲ, ದುಡ್ಡು ಬರೋ ತನಕ ಆಗಲ್ಲ ಅಂತಾರೆ ಅಜ್ಜಿ, ನಂಗೆ ಎದುರು ಹೇಳೋಕೆ ಬಾಯಿ ಬರ್ಲಿಲ್ಲ.

ಹೋದ ಶನಿವಾರ ಅಂಗಡಿ ಮುಚ್ಚಿ ಅಜ್ಜಿ ಜೊತೆ ಹಿಂದೂಪುರಕ್ಕೆ ಹೋಗಿದ್ದೆ. ದಾಖಲೆ ಇತ್ತು! ಕೋರ್ಟೂ ಬೇಡ 5 ಸಾವಿರಾನೂ ಬೇಡ. ಮಗು ಹೆಸರಿನ ಜಾಗ ಮಾತ್ರ ಖಾಲಿ. ಏನು ಬರೆಯೋಣ ಅಂತ ಕೇಳಿದ್ರು, ಮನೇಲಿ ಎಲ್ರೂ ಅವ್ನನ್ನ ಚಿನ್ನು ಅಂತಾರೆ, ಅಜ್ಜಿ ಅದನ್ನೇ ಹೇಳೋಕೆ ಹೋಗಿ ನಿಲ್ಲಿಸಿದ್ರು, ಫೋನ್ ಹಚ್ಚು ಅಂದ್ರು. ದೊಡ್ಡವಳು ಪಕ್ಕದ ಮನೆ ಫೋನಲ್ಲಿ ಬಂದ್ಲು, ಅಮ್ಮ ಯಾವ ಹೆಸ್ರು ಇಡ್ಬೇಕು ಅಂತಿದ್ಲು ಅಂತ ಅಜ್ಜಿ ಕೇಳಿದ್ರು, ಹುಡ್ಗಿ ಯೋಚ್ನೆನೇ ಮಾಡ್ಲಿಲ್ಲ, ತಕ್ಷಣ ಹೇಳಿದ್ಲು. ಅದನ್ನೇ ಬರೆದು ಅರ್ಜಿ ಕೊಟ್ಟು ಬಂದ್ವಿ.

ಸೋಮವಾರ ತುಮಕೂರಿಗೆ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗ್ತಿದ್ದೀವಿ. ತಾಯಿ ಮರಣ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ, ಬೆಂಗಳೂರಲ್ಲಿ ಆಸ್ಪತ್ರೇಲಿ ತೀರ್ಕೊಂಡಿದ್ದು, ಅಳಿಯನ ಹತ್ರ ಇರೋ ಕಾಗದ ಸಿಗಲ್ಲ. ಆಸ್ಪತ್ರೆಗೇ ಹೋಗ್ಬೇಕಾ ಇಲ್ಲಾ ಜನನ ಮರಣ ನೋಂದಣಿ ವೆಬ್‌ಸೈಟ್ ಇ-ಜನ್ಮದಲ್ಲಿ ತೆಗೀಬಹುದಾ, ಮಾಡಿಸಿರೋರು ಯಾರಾದ್ರೂ ಇದ್ರೆ ಭಾನುವಾರದೊಳಗೆ ಹೇಳಿ.